ಅರ್ಧ ಅಂಕ

ಸಂಪಂಗಿ ಹವಾಲ್ದಾರರ ಬ್ಯೂಗಲ್ಲಿಗೆ ಮೂತಿಯ ಹತ್ತಿರ ಒಂದು ತಗ್ಗು.
ಎಲ್ಲಿ ಬಿತ್ತು ಸಾರ್ ಅಂದರೆ
ಬಿದ್ದದ್ದು ಬ್ಯೂಗಲ್ಲಲ್ಲ, ನಾನು, ಅನ್ನುತ್ತಿದ್ದರು.
ಕೀಲಿಯಿಲ್ಲ, ತೂತಿಲ್ಲ, ಬೆರಳಿಗೆ ಕೆಲಸವೇ ಇಲ್ಲ,
ಇರುವುದು ಐದೇ ಸ್ವರ, ಐದೂ ತುಟಿಯಲ್ಲೇ ಹುಟ್ಟಬೇಕು.
ಆ ಐದರಲ್ಲೇ ಎಂಟುನೂರು ಜನ ಎದ್ದರು, ಉಂಡರು,
ಬೂಟಿನ ಲೇಸು ಬಿಗಿದರು, ದೀಪ ಆರಿಸಿದರು
ಇಪ್ಪತ್ತೆರಡು ವರ್ಷ.

ನಾವು ಭದ್ರಾವತಿ ನ್ಯೂಟೌನಿನ ಹದಿನೇಳು ಹುಡುಗಿಯರು.
ಕಾರ್ಖಾನೆಯ ಸೈರನ್ನಿಗೆ ಅಪ್ಪಂದಿರು
ಅರ್ಧ ಚಹಾ ಬಿಟ್ಟು ಏಳುವುದನ್ನು ಕಂಡವರು.
ಕೂಗಿದರೆ ಏಳಬೇಕೆಂಬುದು ನಮಗೆ ಹೊಸದಲ್ಲ.
ಹೊಸದಾಗಿದ್ದದ್ದು ಅಂಕಪಟ್ಟಿ:
ನಡಿಗೆಗೆ ಇಪ್ಪತ್ತು, ನಾದಕ್ಕೆ ಮೂವತ್ತು, ಉಡುಪಿಗೆ ಹತ್ತು,
ಟೋಪಿಯ ಗರಿ ಬಿದ್ದರೆ ಅದರಲ್ಲೊಂದು ಹೋಯಿತು,
ಮೈದಾನದಲ್ಲಿ ಬಿಡಿಸುವ ಆಕಾರಕ್ಕೆ ನಲವತ್ತು.

ಹವಾಲ್ದಾರರು ಹಾಳೆಯನ್ನು
ಔಷಧಿ ಚೀಟಿಯ ಹಾಗೆ ದೂರ ಹಿಡಿದು ಓದಿದರು.
ಆಕಾರ ಅಂದರೆ?
ತಾವರೆ ಸಾರ್. ಆಮೇಲೆ ನಕ್ಷತ್ರ.
ಕೊನೆಗೆ ಚಕ್ರ, ಊದುತ್ತಾ ಹಿಂದಕ್ಕೆ ನಡೆಯಬೇಕು.
ಹಿಂದಕ್ಕೆ?
ಆ ಮಾತನ್ನು ಅವರು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರು.

ತಾವರೆ ಕಲಿಸಿದ್ದು ಫೌಜಲ್ಲ, ಜಯಸೆಲ್ವಿಯ ಅಜ್ಜಿ.
ಸುಣ್ಣದ ಪುಡಿಯಲ್ಲಿ ಹದಿನೇಳು ಚುಕ್ಕಿ ಇಟ್ಟು
ಕೋಲಕ್ಕೆ ಗೆರೆ ಎಳೆದಂತೆ ನಮ್ಮನ್ನು ಎಳೆದಳು.
ಫರ್ಹಾನಾಳ ಡ್ರಮ್ಮು ಒಂದು ಎಸಳು, ನಾನೊಂದು ಎಸಳು.
ಹವಾಲ್ದಾರರು ಬದಿಯಲ್ಲಿ ಅಟೆನ್ಷನ್ ನಿಂತು ನೋಡಿದರು,
ಯಾರೋ ದೊಡ್ಡ ಅಧಿಕಾರಿ ಬಂದಹಾಗೆ.

ಸ್ಪರ್ಧೆಯ ಹಿಂದಿನ ಸಂಜೆ ಬೆಂಚಿನ ಮೇಲೆ ಕೂತು ಅಂದರು:
ಅಲ್ಲಿ ನನ್ನ ಮಾತು ಕೇಳಿದರು ಕಣಮ್ಮ,
ನನ್ನನ್ನು ಕೇಳಲಿಲ್ಲ.
ಒಂದೇ ಒಂದು ರಾತ್ರಿ, ಚಳಿಗೆ ತುಟಿ ಒಡೆದಿತ್ತು,
ದೀಪ ಆರಿಸುವ ಕರೆಯ ಕೊನೆಯ ಸ್ವರ
ಕೋಳಿಮರಿ ತುಳಿದಹಾಗೆ ಕೀಚಲಾಯ್ತು.
ಕತ್ತಲಲ್ಲಿ ಬ್ಯಾರಕ್ಕಿಂದ ಬ್ಯಾರಕ್ಕಿಗೆ ನಗು.
ಶಿಕ್ಷೆ ಏಳು ದಿನ.
ಕಿವಿಗೊಟ್ಟಿದ್ದರು ಅಂತ ಗೊತ್ತಾದದ್ದು ಆ ಒಂದು ದಿನ.

ಶಿವಮೊಗ್ಗೆಯ ಸ್ಟೇಡಿಯಮ್ಮು. ಮೊದಲು ಫೌಜಿನ ಬ್ಯಾಂಡು,
ಸ್ಪರ್ಧೆಗಲ್ಲ, ಅತಿಥಿಗಳು.
ಒಂದೇ ನಡೆ, ದಾರ ಹಿಡಿದಷ್ಟು ನೆಟ್ಟಗೆ,
ಬಲಗಾಲಿಗೊಂದು ಸಲ ಎದೆಗೂಡಿಗೆ ಬಡಿಯುವ ದೊಡ್ಡ ಡ್ರಮ್ಮು.
ಬಂದರು, ಹೋದರು, ಹಿಂತಿರುಗಿ ನೋಡಲಿಲ್ಲ.
ಅವರಿಗೆ ಅಂಕ ಕೊಡುವ ಧೈರ್ಯ ಯಾರಿಗಿದೆ,
ಅಂಕ ಬೇಕಾದರೂ ಯಾರಿಗೆ?

ನಮಗೆ ಬೇಕಿತ್ತು. ತುಂಬ ಬೇಕಿತ್ತು.
ತಾವರೆ ಅರಳಿತು, ನಕ್ಷತ್ರ ಮೂಡಿತು,
ಚಕ್ರದಲ್ಲಿ ಹಿಂದಕ್ಕೆ ಏಳನೆಯ ಹೆಜ್ಜೆಗೆ
ನನ್ನ ಸ್ವರ ಒಡೆಯಿತು.
ಐದು ಪೆನ್ಸಿಲ್ಲು ಒಟ್ಟಿಗೇ ಬಾಗಿದವು.
ಆ ಮೌನದೊಳಗೆ ಗ್ಯಾಲರಿಯಿಂದ ಒಂದು ನಗು.
ತಿರುಗಿ ನೋಡದೆಯೇ ಗೊತ್ತಾಯಿತು ಯಾರದೆಂದು.

ಅರ್ಧ ಅಂಕದಲ್ಲಿ ಎರಡನೆಯ ಸ್ಥಾನ.
ಬಸ್ಸಿನಲ್ಲಿ ಊರು ಬರುವ ತನಕ ಮಾತಾಡಲಿಲ್ಲ.
ಮಂಡಕ್ಕಿಯ ಪೊಟ್ಟಣ ಚಾಚಿದರು, ತೆಗೆದುಕೊಳ್ಳಲಿಲ್ಲ.
ಐದು ಜನ ಕೇಳಿದರಲ್ಲೇ, ಅಂದರು,
ಐದಕ್ಕೆ ಐದೂ ಜನ!
ಸೆಲ್ವಿ ಅಳುತ್ತಿದ್ದಳು. ನಾನು ಕಿಟಕಿ ಏರಿಸಿದೆ.

ಈಗ ಕಾರ್ಖಾನೆಯ ಸೈರನ್ನಿಲ್ಲ. ಹವಾಲ್ದಾರರೂ ಇಲ್ಲ.
ಅದೇ ಸ್ಟೇಡಿಯಮ್ಮಿನಲ್ಲಿ ಪೆನ್ಸಿಲ್ಲು ನನ್ನ ಕೈಯಲ್ಲಿ.
ನಿನ್ನೆ ತೀರ್ಥಹಳ್ಳಿ ಕಡೆಯ ಒಬ್ಬ ಪುಟ್ಟ ಹುಡುಗನ ಬ್ಯೂಗಲ್ಲು
ಮೇಲಿನ ಸ್ವರಕ್ಕೆ ಏರಿ, ಜಾರಿ, ಕೀಚಲಾಯಿತು.
ಅರ್ಧ ಅಂಕ ಕಳೆದೆ. ಕಳೆಯಲೇಬೇಕು.
ಆಮೇಲೆ ತಡೆಯಲಾಗಲಿಲ್ಲ.
ಪಕ್ಕದ ತೀರ್ಪುಗಾರರು ಮುಖ ಸಿಂಡರಿಸಿ
ಏನಾಯ್ತು ಮೇಡಂ ಅಂದರು.
ಕೇಳಿಸಿತು, ಅಂದೆ.