ಆ ಕಡೆ ಎಷ್ಟು ಜನ?

ನನ್ನ ಸೊಂಟದಲ್ಲಿ ಎರಡು ಕೀಲಿ.
ದಪ್ಪದ್ದು ರೇವಣಕರರ ಉಲ್ಲಾಸನದು,
ನೀಲಿ ದಾರ ಕಟ್ಟಿದ್ದು ಪ್ರಫುಲ್ಲಾ ಗುನಗಿಯದು.
ನಡುವೆ ಒಂದೇ ಗೋಡೆ, ಅದೂ ಒಂಟಿ ಇಟ್ಟಿಗೆಯದು.
ಆಚೆ ಕೆಮ್ಮಿದರೆ ಈಚೆಯವರು
ನೀರಿನ ಬಾಟಲಿ ಹುಡುಕುತ್ತಾರೆ.

ಕೋಡಿಬಾಗದ ಬಸ್ಸಿಳಿದು ಏಳಕ್ಕೆ ಒರೆಸಲು ಶುರು.
ಒಂದು ದಿನ ಅದು ಮೊದಲು, ಒಂದು ದಿನ ಇದು.
ಇಲ್ಲದಿದ್ದರೆ ಕೇಳುತ್ತಾರೆ,
ಅವರ ನೆಲ ಮೊದಲು ಒಣಗಿದ್ದು ಹೇಗೆಂದು.

ಮೇಜು ಬಾಡಿಗೆಗೆ ಕೊಡುವುದೂ ಒಂದು ದಂಧೆಯೆ
ಎಂದು ಮೊದಮೊದಲು ನಕ್ಕಿದ್ದೆ.
ಮನೆಯಲ್ಲಿ ಮೇಜಿಲ್ಲವೇ ಇವರಿಗೆ?
ಈಗ ಗೊತ್ತು: ಮೇಜುಂಟು, ಬಾಗಿಲಿಲ್ಲ.

ಉಲ್ಲಾಸ ಬೋರ್ಡು ಹಾಕಿದ:
ಇಲ್ಲಿ ಕೂತರೆ ಸಮುದ್ರ ಕಾಣುತ್ತದೆ.
ಮೂರನೇ ದಿನ ಪ್ರಫುಲ್ಲಾ:
ಇಲ್ಲಿ ಕೂತರೆ ಸಮುದ್ರ ಚೆನ್ನಾಗಿ ಕಾಣುತ್ತದೆ.
ಸಮುದ್ರ ಕಾಣುವುದು, ನಾನು ಬಲ್ಲೆ,
ಇಬ್ಬರದೂ ಪಾಯಖಾನೆಯ ಕಿಟಕಿಯಿಂದ,
ಬಾಲ್ದಿ ಬೋರಲು ಹಾಕಿ ಮೇಲೆ ನಿಂತರೆ,
ಒಂದು ಬೆರಳಗಲ.

ಅವನು ಚಹಾ ಪುಕ್ಕಟೆ ಅಂದ.
ಅವಳು ಚಹಾದ ಜತೆ ಬಿಸ್ಕೀಟು.
ಅವನು ಅವಲಕ್ಕಿ. ಅವಳು ಬುಧವಾರ ಬನ್ಸು.
ಬುಧವಾರ ಬಂತೆಂದರೆ ಲ್ಯಾಪ್‌ಟಾಪು ಬೆನ್ನಿಗೇರಿಸಿ
ನಾಲ್ಕು ಜನ ಈ ಬಾಗಿಲಿಂದ ಆ ಬಾಗಿಲಿಗೆ,
ಚಿಪ್ಪು ಬದಲಿಸುವ ಏಡಿಮರಿಗಳ ಹಾಗೆ, ಅಡ್ಡಡ್ಡ.
ಗುರುವಾರ ಮರಳುತ್ತಾರೆ. ಎಣ್ಣೆ ಬೆರಳಿನ ಗುರುತು
ಎರಡೂ ಕಡೆ ನಾನೇ ಒರೆಸುತ್ತೇನೆ.

ದಿನಕ್ಕೆ ನೂರೈವತ್ತು. ನೂರಿಪ್ಪತ್ತು. ನೂರ ಹತ್ತು.
ನೂರ ಹತ್ತಕ್ಕೆ ಫ್ಯಾನಿನ ಗಾಳಿ ಮಾತ್ರ ಅಂತ
ಸಣ್ಣಕ್ಷರದಲ್ಲಿ.
ಯಾರ ಇಂಟರ್ನೆಟ್ಟು ಜೋರು ಎಂದು ವಾದ ಬೇರೆ.
ಇಬ್ಬರ ತಂತಿಯೂ ಇಳಿಯುವುದು ಒಂದೇ ಕಂಬದಿಂದ.
ಕಾಗೆ ಕೂತರೆ ಇಬ್ಬರಿಗೂ ಕೂತಂತೆ.

ನನ್ನವ್ವ ಮೀನುಪೇಟೆಯಲ್ಲಿ ಕೂತವಳು.
ಪಕ್ಕದ ಬುಟ್ಟಿ ಶೇವಂತಿಯದು.
ಒಂದೇ ದೋಣಿಯ ಬಂಗಡೆ, ಒಂದೇ ದರ,
ಗಿರಾಕಿ ನಿಂತರೆ ಮೂರು ತಲೆಮಾರಿನ ಬೈಗುಳ.
ಗಿರಾಕಿ ಹೋದಮೇಲೆ
ಒಂದೇ ಚಂಚಿಯಿಂದ ಇಬ್ಬರಿಗೂ ಎಲೆ ಅಡಿಕೆ.
ಅವ್ವನಿಗೆ ಜ್ವರ ಬಂದ ವಾರ
ಅವಳ ಜಾಗದಲ್ಲಿ ಶೇವಂತಿ ಒಂದು ಕಲ್ಲಿಟ್ಟು
ಯಾರನ್ನೂ ಕೂರಗೊಡಲಿಲ್ಲ.
ಇವರಿಗೆ ಆ ವ್ಯಾಪಾರ ಯಾರೂ ಕಲಿಸಿಲ್ಲ.
ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಫೋನು ನೋಡುತ್ತಾರೆ.

ಸಂಜೆ ಮಾತ್ರ ನನ್ನನ್ನು ಕೇಳುತ್ತಾರೆ.
'ತುಳಸೂ, ಆ ಕಡೆ ಎಷ್ಟು ಜನ?'
ಅವನು ಕೇಳುವುದು ಪರದೆಯಿಂದ ತಲೆಯೆತ್ತದೆ,
ಅವಳು ನನ್ನ ಮಗಳ ಪರೀಕ್ಷೆ ವಿಚಾರಿಸಿ, ಆಮೇಲೆ.

ಒಂಬತ್ತಿದ್ದರೆ ಐದು ಎನ್ನುತ್ತೇನೆ.
ಐದಿದ್ದರೆ ಎರಡು.
ಅವನಿಗೂ ಅವಳಿಗೂ ಒಂದೇ ಅಳತೆಯ ಸುಳ್ಳು.
ಇಬ್ಬರಿಗೂ ಆ ರಾತ್ರಿ ನಿದ್ದೆ ಹತ್ತುತ್ತದೆ.
ಇನ್ನೊಂದು ತಿಂಗಳು, ಆ ಕಡೆಯದು ಮುಚ್ಚುತ್ತದೆ
ಎಂದುಕೊಂಡು ಬಾಡಿಗೆ ಕಟ್ಟುತ್ತಾರೆ.
ನನಗೂ ಎರಡು ಸಂಬಳ ಉಳಿಯುತ್ತದೆ,
ಅದನ್ನು ಮರೆಮಾಚಿ ದಯೆ ಎನ್ನಲಾರೆ.

ಮೊನ್ನೆ ಶನಿವಾರ ಅವನ ಕಡೆ ಯಾರೂ ಬರಲಿಲ್ಲ.
ಅವನೂ ಮಧ್ಯಾಹ್ನ ಎದ್ದು ಹೋದ.
ಹತ್ತು ಕುರ್ಚಿ, ಹತ್ತು ಲೋಟ ಬೋರಲು.
ಮತ್ತೊಮ್ಮೆ ಒರೆಸಿದೆ, ಒಣಗುವವರೆಗೆ ಎಲ್ಲಿ ನಿಲ್ಲಲಿ?
ಕಿಟಕಿ ಪಕ್ಕದ ಏಳನೇ ಮೇಜಿಗೆ ಕೂತೆ,
ಕಾಲು ಮೇಲೆತ್ತಿ.
ಮಗಳ ವಿದ್ಯಾರ್ಥಿವೇತನದ ಅರ್ಜಿ ಚೀಲದಲ್ಲಿತ್ತು.
ತಾಯಿಯ ಉದ್ಯೋಗ ಎಂಬಲ್ಲಿ ಪೆನ್ನು ನಿಂತಿತು,
ತುಸು ಹೆಚ್ಚೇ ಹೊತ್ತು.
ಗೋಡೆಯಾಚೆ ಯಾರೋ ಕೆಮ್ಮಿದರು.
ನಾನು ನೀರಿನ ಬಾಟಲಿ ಹುಡುಕಿದೆ.

ಆರಕ್ಕೆ ಪ್ರಫುಲ್ಲಾ ಕೇಳಿದಳು,
ಮೊದಲು ಮಗಳ ವಿಷಯ, ಆಮೇಲೆ ಅದು.
'ಒಬ್ಬರು' ಎಂದೆ.
ಆ ದಿನ ಒಂದೂ ಕಳೆಯಲಿಲ್ಲ.