ಕೈಯಾಗ ಒಂದು

ಜಾಹೀರಾತನ್ನು ಮೂರು ಸಲ ಟೈಪು ಮಾಡಿದವನು ನಾನು.
ಮೊದಲ ಸಲ ವಯೋಮಿತಿ ಐವತ್ತೈದು.
ಎರಡನೇ ಸಲ ಅರವತ್ತೆರಡು, ಯಾರದೋ ಬೀಗರ
ಮೈ ಅಳತೆ ಹಿಡಿದು ಹೊಲಿದ ಅಂಗಿಯ ಹಾಗೆ.
ಮೂರನೇ ಸಲ ಒಂದು ಅಲ್ಪವಿರಾಮ ಬಂತು, ಹೋಯಿತು.
ನೀರಾಕಾಠ ಮಧ್ಯವರ್ತಿ ಸಹಕಾರಿ ಬ್ಯಾಂಕಿಗೆ
ಮುಖ್ಯ ಕಾರ್ಯನಿರ್ವಾಹಕರು ಬೇಕಾಗಿದ್ದಾರೆ.
ಪ್ರಾಮಾಣಿಕತೆಯ ಸಾಲಿಗೆ ಜಾಗ ಸಾಲಲಿಲ್ಲ;
ಪತ್ರಿಕೆಯವರು ಸೆಂಟಿಮೀಟರಿಗೆ ದರ ಹಾಕುತ್ತಾರೆ.

ಪುಣೆ, ನಾರಾಯಣ ಪೇಟೆ, ಮೂರನೇ ಮಾಳಿಗೆ.
ಇಪ್ಪತ್ತಾರು ವರ್ಷದಿಂದ ಇಲ್ಲಿ ನಾನು ಮಠಪತಿ,
ಅಕ್ಕಲಕೋಟೆ ಕಡೆಯ ಸ್ಟೆನೋ.
ಮಾತು ಮರಾಠಿ, ಕನಸು ಬೆರಕೆ,
ಎಣಿಕೆ ಮಾತ್ರ ಅವ್ವ ಕಲಿಸಿದ್ದು.
ನೋಟು ಎಣಿಸುವಾಗ ತುಟಿ ಬಿಗಿ ಹಿಡಿಯುತ್ತೇನೆ,
ಯಾರಿಗೂ ಕೇಳಬಾರದು.

ಸಂದರ್ಶನದ ದಿನ ಸಂಕಷ್ಟಿ.
ಸಂಚಾಲಕರಿಗೆಲ್ಲ ಉಪವಾಸ,
ಅದಕ್ಕೇ ತಲೆಗೆರಡು ಪ್ಲೇಟು ಸಾಬೂದಾಣಿ ವಡೆ.
ಹನ್ನೊಂದು ತಿಂಗಳಿಂದ ಖಾಲಿಯಿದ್ದ ಖುರ್ಚಿಯ ಬೆನ್ನಿಗೆ
ಹಳೆಯ ಸಾಹೇಬರ ಟರ್ಕಿ ಟವೆಲು ಇನ್ನೂ ಹಾಗೇ ಇತ್ತು,
ತಲೆ ತಾಗುತ್ತಿದ್ದಲ್ಲಿ ಎಣ್ಣೆಯ ಕಲೆ.

ಐದು ಜನ ಬಂದರು.
ಒಬ್ಬರು ಟೈ ಸರಿಮಾಡಿಕೊಳ್ಳುತ್ತ ದೂರದೃಷ್ಟಿ ಅಂದರು.
ಒಬ್ಬರು ಧುಮಾಳ ಸಾಹೇಬರ ಕಾರ್ಖಾನೆಯ
ಸಕ್ಕರೆಯ ಬಿಳುಪನ್ನು ಹೊಗಳಿದರು.
ನಾಲ್ಕನೆಯವರು ಉಜ್ವಲಾ ಡಫಳೆ.
ಎರಡು ಕಾರ್ಖಾನೆಗಳ ಸುಸ್ತಿ ಸಾಲದ ಹಾಳೆ ಕೊಟ್ಟು
ಧುಮಾಳರು ಕೇಳಿದರು: ವಸೂಲಿ ಹೇಗೆ ಮಾಡುತ್ತೀರಿ, ಬಾಯಿ?
ಉಳಿದವರೆಲ್ಲ ಹಾಳೆಯ ಕೊನೆಯ ಸಾಲು ಓದಿ ಮಾತಿಗೆ ಹತ್ತಿದ್ದರು.
ಈಕೆ ಚೀಲದಿಂದ ಮೊಂಡು ಪೆನ್ಸಿಲು ತೆಗೆದಳು.
ಚಹದ ಬಶಿ ಇಡಲು ಬಗ್ಗಿದ್ದೆ. ಕೇಳಿಸಿತು,
ಉಸಿರಿಗಿಂತ ತುಸುವೇ ದಪ್ಪ ದನಿಯಲ್ಲಿ:

*ಏಳು ಆರು ಹದಿಮೂರು,
ಮೂರು ಇಟ್ಟು ಕೈಯಾಗ ಒಂದು.
ಒಂಬತ್ತು ಎಂಟು ಹದಿನೇಳು,
ಕೈಯಾಗಿಂದು ಕೂಡಿ ಹದಿನೆಂಟು.*

ಬಶಿ ನನ್ನ ಕೈಯಲ್ಲಿ ಒಮ್ಮೆ ಗಲಗಲಿಸಿತು.
ಜತ್ತಿನವಳೋ, ಮಂಗಳವೇಢೆಯವಳೋ,
ಯಾವ ಶಾಲೆಯ ಯಾವ ಮಾಸ್ತರರ ಛಡಿಯ ಮಗ್ಗಿಯೋ.
ಆಮೇಲೆ ತಲೆಯೆತ್ತಿ, ಅಚ್ಚ ಮರಾಠಿಯಲ್ಲಿ:
ಇದು ನೂರಾ ಎಂಬತ್ತಮೂರು ಕೋಟಿಯಾಗುತ್ತದೆ.
ನಿಮ್ಮ ಹಾಳೆಯಲ್ಲಿ ನೂರಾ ಮೂವತ್ತೆಂಟು ಇದೆ.

ಫ್ಯಾನು ತಿರುಗುವುದು ಕೇಳಿಸುತ್ತಿತ್ತು.
ಧುಮಾಳರು ವಡೆಯ ಬೆರಳು ಒರೆಸಿಕೊಂಡು
ನನ್ನ ಕಡೆ ನೋಡಿದರು. ಟೈಪಿಂಗಿನ ತಪ್ಪು, ಅಲ್ಲವೇ ಮಠಪತಿ?

ಅವರ ಕೈಬರಹದ ಚೀಟಿ ನನ್ನ ಡ್ರಾಯರಿನಲ್ಲಿತ್ತು.
ಒಂದು, ಮೂರು, ಎಂಟು. ಎಂಟಕ್ಕೆ ಅವರದೇ ಆ ಬಾಲ.
ಹೌದು ಸಾಹೇಬ, ಅಂದೆ. ನನ್ನದೇ ತಪ್ಪು.

ಆಕೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ.
ತಪ್ಪು ಬಿದ್ದ ಲೆಕ್ಕವನ್ನು ನೋಡುತ್ತಾರಲ್ಲ, ಹಾಗೆ,
ಎಲ್ಲಿ ಜಾರಿತು ಎಂದು.

ಮೇಜಿನ ಮೇಲೆ ಪೆನ್ಸಿಲು ಬಿಟ್ಟುಹೋಗಿದ್ದಳು.
ಹಿಡಿದುಕೊಂಡು ಮೂರು ಮಾಳಿಗೆ ಓಡಿ ಇಳಿದೆ.
ಅಕ್ಕಾರ, ಅಂತ ಒಂದು ಮಾತು ಬಾಯಿತುದಿಗೆ ಬಂದಿತ್ತು.
ರಸ್ತೆ ತುಂಬ ರಿಕ್ಷಾ, ಬೈಕು, ಕ್ಲಾಸಿಗೆ ಹೊರಟ ಹುಡುಗರು,
ಹಿಡಿಹಿಡಿ ಅಷ್ಟರ ಗೊಂಡೆ ಮಾರುವ ಮುದುಕಿ.
ಅವಳು ಎಲ್ಲೂ ಇರಲಿಲ್ಲ.

ಸಂಜೆ ನಡಾವಳಿ ಟೈಪು ಮಾಡಿದೆ:
ಅಭ್ಯರ್ಥಿ ಸಂಖ್ಯೆ ಎರಡು, ವಯಸ್ಸು ಅರವತ್ತೊಂದು,
ಒಮ್ಮತದಿಂದ.
ಒಮ್ಮತ ಎಂಬಲ್ಲಿ ಒಂದು ತಪ್ಪೂ ಬೀಳಲಿಲ್ಲ.
ಟವೆಲು ಒಗೆಯಲು ಕೊಡಿ ಎಂದರು, ಕೊಟ್ಟೆ.

ರಾತ್ರಿ ಹಡಪಸರದ ಮನೆಯಲ್ಲಿ ಹಾಲಿನ ಲೆಕ್ಕ.
ಹೆಂಡತಿ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ,
ಅದೇ ಮೊಂಡು ಪೆನ್ಸಿಲಿನಿಂದ, ಬಾಯಿಬಿಟ್ಟು, ಜೋರಾಗಿ:
ಮೂರು ಇಟ್ಟು ಕೈಯಾಗ ಒಂದು.
ಮುಂದ? ಅಂದಳು.
ಕೈಯಾಗ ಒಂದು, ಅಂದೆ ಮತ್ತೆ.
ಹಾಲಿನವ ತಪ್ಪು ಬರದಾನೇನ್ರಿ, ಅಂದಳು.
ಇಲ್ಲ, ಅಂದೆ. ಅವನ ಲೆಕ್ಕ ಸರಿ ಐತಿ.