ನಡಾವಳಿ ಪುಸ್ತಕ

ಮೂರು ಸಂಘಗಳಿಗೆ ಸೇರಿ ಒಂದೇ ಪುಸ್ತಕ.
ನನ್ನ ಕೈಗೆ ಕೊಟ್ಟದ್ದು ಅಕ್ಷರ ದುಂಡಗಿದೆಯೆಂದು;
ಇಪ್ಪತ್ತೆರಡು ವರ್ಷ ಬೀಡಿ ಬ್ರಾಂಚಿನಲ್ಲಿ
ಹೆಂಗಸರ ಪಾಸ್‌ಬುಕ್ಕಿಗೆ ಸಾವಿರದ ಲೆಕ್ಕ ಬರೆದ ಅಕ್ಷರ.

ಬೆಂಗ್ರೆಯ ಐಸ್ ಪ್ಲಾಂಟಿನ ಹಿಂದಿನ ಕೋಣೆ.
ತಿಂಗಳ ಎರಡನೇ ಆದಿತ್ಯವಾರ, ಸಂಜೆ ನಾಲ್ಕು.
ಲೋಕಯ್ಯ ಕರ್ಕೇರರು ತುಳುವಿನಲ್ಲಿ ಶುರು ಮಾಡುತ್ತಾರೆ,
ಪುತ್ತುಮೋನು ಬ್ಯಾರಿಯಲ್ಲಿ ತಡೆಯುತ್ತಾನೆ,
ಆಚೆ ದಡದಿಂದ ಫೆರಿಯಲ್ಲಿ ಬಂದ ಲಿಗೋರಿ ಮಾಸ್ಟ್ರು
ಕೊಂಕಣಿಯಲ್ಲಿ ತಮ್ಮಷ್ಟಕ್ಕೆ ಗೊಣಗುತ್ತಾರೆ.
ನಾನು ಕನ್ನಡದಲ್ಲಿ ಬರೆಯುತ್ತೇನೆ:
ಆ ಕೋಣೆಯಲ್ಲಿ ಯಾರ ಮನೆಯದೂ ಅಲ್ಲದ,
ಎಲ್ಲರ ಶಾಲೆಯದಾದ ಭಾಷೆ.

ಕನ್ನಡಕ್ಕೆ ಎಷ್ಟು ಮರ್ಯಾದೆ, ನೋಡಿ.
"ನಿಮ್ಮವರು ಫೋಟೋ ತೆಗೆಸಲಿಕ್ಕೆ ಮಾತ್ರ ಉಂಟು" ಎಂದದ್ದು
'ಪ್ರಚಾರದ ಕುರಿತು ಚರ್ಚಿಸಲಾಯಿತು' ಆಗುತ್ತದೆ.
ಮೇಜು ಗುದ್ದಿ ಎದ್ದುಹೋದದ್ದು
'ಸದಸ್ಯರೊಬ್ಬರು ಅನಿವಾರ್ಯ ಕಾರಣದಿಂದ ನಿರ್ಗಮಿಸಿದರು.'
ಹತ್ತು ನಿಮಿಷದಲ್ಲಿ ಅವರೇ
ಎಲ್ಲರಿಗೂ ಚಾ ಹಿಡಿದು ಬಂದದ್ದಕ್ಕೆ
ನಡಾವಳಿಯಲ್ಲಿ ಪದವಿಲ್ಲ.
'ಲಘು ಉಪಾಹಾರ' ಎಂದು ಬರೆದೆ.

ಗಾಲಿಕುರ್ಚಿಯ ವಿಷಯ ಐದು ಸಭೆ ತಿಂದಿತು.
ಕುರ್ಚಿ ಲಿಗೋರಿ ಮಾಸ್ಟ್ರ ಇಗರ್ಜಿ ಸಭೆಯದು,
ತೀರಿಹೋದ ಯಾರೋ ಬಾಯಮ್ಮ ಕೂತದ್ದು.
ಮುರಿದ ಕಾಲಿಗೆ ವೆಲ್ಡಿಂಗ್ ಪುತ್ತುಮೋನುವಿನ ಹುಡುಗರದು.
ಟಯರು ಎರಡು, ಬೇರಿಂಗ್ ನಾಲ್ಕು, ಯುವಕ ಮಂಡಲದ್ದು.
ಬೆನ್ನಿನ ರೆಕ್ಸಿನ್ ಇರುವುದು ಒಂದೂವರೆ ಗೇಣು.
ಯಾರ ಹೆಸರು ಮೇಲೆ? ಯಾರದು ಎಷ್ಟು ದಪ್ಪ?
ಪೈಂಟರ್ ಎರಡು ಸಲ ಬಂದು
ಬ್ರಶ್ ಒಣಗಿಸಿಕೊಂಡು ಹೋದ.
ಚರ್ಚಿಸಲಾಯಿತು. ಮುಂದೂಡಲಾಯಿತು.
ಅಷ್ಟರಲ್ಲಿ ಕುರ್ಚಿ ಹೆಸರಿಲ್ಲದೆ ಹೊಳೆ ದಾಟುತ್ತಲೇ ಇತ್ತು,
ಮಂಗಳವಾರ, ಶುಕ್ರವಾರ,
ಬಲೆ ಕಟ್ಟುವ ಕುಸುಮಾಕರಣ್ಣನನ್ನು ಡಯಾಲಿಸಿಸಿಗೆ ಹೊತ್ತು.
ಮೊದಲು ಸಹಿ ಹಾಕಿದ್ದು ಉಪ್ಪುಗಾಳಿ,
ಕಂದು ಬಣ್ಣದಲ್ಲಿ, ಸ್ಕ್ರೂಗಳ ಸುತ್ತ.

ಆಟಿಯ ಆ ರಾತ್ರಿಯದು ಪುಸ್ತಕದಲ್ಲಿಲ್ಲ.
ಫೆರಿ ನಿಂತಿತ್ತು. ಕುಸುಮಾಕರಣ್ಣನಿಗೆ ಉಸಿರು ಸಿಗುತ್ತಿರಲಿಲ್ಲ.
ಸುತ್ತಿ ಹೋಗುವುದೆಂದರೆ ತಣ್ಣೀರುಬಾವಿಯ ರಸ್ತೆಗೆ ಮರ ಬಿದ್ದಿತ್ತು.
ಪುತ್ತುಮೋನುವಿನ ಭಾವನ ದೋಣಿ.
ಇಂಜಿನ್ ಹಗ್ಗ ಎಳೆದದ್ದು ಲೋಕಯ್ಯಣ್ಣ,
ಆರನೇ ಸಲಕ್ಕೆ ಹಿಡಿಯಿತು.
ಎದುರು ಬಂದರಿನ ಧಕ್ಕೆಯಲ್ಲಿ ಒಂದು ಟಾರ್ಚು ಅಲ್ಲಾಡುತ್ತಿತ್ತು:
ಬನಿಯನ್ನಿನಲ್ಲೇ ಓಡಿಬಂದ ಲಿಗೋರಿ ಮಾಸ್ಟ್ರು,
ಹಿಂದೆ ಸ್ಟಾರ್ಟ್ ಮಾಡಿಟ್ಟ ರಿಕ್ಷಾ.
ಯಾರೂ ಸ್ವಾಗತ ಕೋರಲಿಲ್ಲ.
ಯಾರು ಯಾವ ಭಾಷೆಯಲ್ಲಿ ಕೂಗಿದರೋ.
ನನ್ನ ಎರಡೂ ಕೈ ಕುರ್ಚಿಯ ಬ್ರೇಕಿನ ಮೇಲೆ,
ಪೆನ್ನು ಮನೆಯಲ್ಲಿ.
ಅದು ಸಭೆಯಲ್ಲ ಮಾರಾಯ್ರೆ,
ಕೋರಂ ಕೇಳಿದವರಿಲ್ಲ.

ಕುಸುಮಾಕರಣ್ಣ ಈಗ ಕೂತಲ್ಲೇ ಬಲೆ ಕಟ್ಟುತ್ತಾರೆ.
ಕುರ್ಚಿಯ ಬೆನ್ನು ಇನ್ನೂ ಖಾಲಿ.
ಮುಂದಿನ ಆದಿತ್ಯವಾರ ಮಾತ್ರ ಕೋಣೆ ಹಾರಿಹೋಗುವಷ್ಟು ಗಲಾಟೆ:
ದೋಣಿಯ ಡೀಸೆಲ್, ಮುನ್ನೂರ ನಲವತ್ತು ರೂಪಾಯಿ.
ಮೂರು ಪಾಲು ಮಾಡಿದರೆ ಒಂದು ರೂಪಾಯಿ ಉಳಿಯುತ್ತದೆ.
ಅದು ಯಾರ ಲೆಕ್ಕಕ್ಕೆ?
ಚರ್ಚಿಸಲಾಯಿತು.

ಹನ್ನೊಂದು ತಿಂಗಳಾಯಿತು.
ಪ್ರತಿ ಸಲ ಪುಟ ಮಗುಚಿ, ಮೇಲಿನ ಸಾಲಿನಲ್ಲಿ,
ದುಂಡಗೆ, ತಪ್ಪದೆ ಬರೆಯುತ್ತೇನೆ:
ಹಿಂದಿನ ಬಾಕಿ, ರೂ. ೧.
ನನ್ನ ಸೆರಗಿನ ತುದಿಯಲ್ಲೂ ಒಂದು ರೂಪಾಯಿ ಉಂಟು.
ಹಾಕಲಿಲ್ಲ.
ಅವರೂ ಹಾಕುವುದಿಲ್ಲ.